ಗುರುವಾರ, ಗುಡುಗು ಸಹಿತ

"ಅಕ್ಕಾ, ನೀನು ಇಳಿ ಅಂದ ತಕ್ಷಣ ಇಳೀತೀನಿ. ಕೊಕ್ಕೆಯಲ್ಲಿ ಏನೇ ನೇತಾಡ್ತಿರಲಿ, ಹಾಗೇ ಬಿಟ್ಟು ಬರ್ತೀನಿ. ಯಾಕೆ ಅಂತ ಕೇಳಲ್ಲ."

ಬಹಳ ವರ್ಷಗಳ ಹಿಂದೆ, ಮೊದಲ ಸಲ ಟವರ್ ಕ್ರೇನ್ ಹತ್ತಿದ ದಿನ, ತಮ್ಮ ಹೀಗೆ ಮಾತು ಕೊಟ್ಟ.

ಹೀಗೆ ಶುರು ಮಾಡಬಹುದೆ? (ಮೊದಲ ಸಾಲಿನಲ್ಲೇ ಒಬ್ಬನಿಂದ ಮಾತು ತೆಗೆದುಕೊಂಡರೆ ಕೊನೆಯ ಸಾಲಿನಲ್ಲಿ ಅದನ್ನು ಉಳಿಸಬೇಕು, ಇಲ್ಲವೇ ಮುರಿಯಬೇಕು. ದಿನವಿಡೀ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತಿ, ಮನೆಗೆ ಬಂದು ಪಾತ್ರೆ ತೊಳೆದು ಬರೆಯಲು ಕೂರುವ ನನ್ನಂಥವಳಿಗೆ ಇಷ್ಟು ಉಸಾಬರಿ ಬೇಕಿತ್ತೆ?) ಬೇಡ. ಹವಾಮಾನದಿಂದ ಶುರು ಮಾಡೋಣ. ಅದರಿಂದ ಯಾರಿಗೂ ತೊಂದರೆಯಿಲ್ಲ.

೧

ಸೋಮವಾರ: ಮೋಡ ಕವಿದ ವಾತಾವರಣ, ಅಲ್ಲಲ್ಲಿ ತುಂತುರು.

ಇದನ್ನು ಬರೆದವಳು ಅಕ್ಕ. ಹವಾಮಾನ ಕಚೇರಿಯಲ್ಲಿ ನಗರದ ವಾರದ ಮುನ್ಸೂಚನೆ ಬರೆಯುವುದು ಅವಳ ಕೆಲಸ. 'ಅಲ್ಲಲ್ಲಿ' ಎಂದು ಬರೆದಾಗಲೆಲ್ಲ ಅವಳ ಕೈ ತಡೆಯುತ್ತದೆ. ಓದುವವರಿಗೆ ಅದು ಎಲ್ಲೋ ಬೇರೆಯವರ ಮನೆಯ ಮೇಲೆ. ಅವಳಿಗೆ ಅದು ತಮ್ಮನ ಕ್ರೇನಿನ ಮೇಲೆ.

ಹಾಗಾಗಿ ಸೋಮವಾರವೇ ಫೋನ್ ಮಾಡಿದಳು. "ಇಳಿ." ತಮ್ಮ ಇಳಿದ. ಬಿಸಿಲು ಬಂತು.

"ಏನಪ್ಪಾ, ನಿಮ್ಮಕ್ಕನ ಮಳೆ ಬಂತಾ?" ಎಂದ ಮೇಸ್ತ್ರಿ, ಕಣ್ಣಿಗೆ ಕೈ ಅಡ್ಡ ಹಿಡಿದು. "ಕೊಡೆ ತರಿಸ್ಲಾ?"

"ನಗಿ, ನಗಿ. ನಿಮಗೆ ಅಕ್ಕ ಇಲ್ಲ, ಅದಕ್ಕೆ."

"ಇದ್ದಾಳಪ್ಪ. ನನ್ನ ಮೇಲಕ್ಕೆ ಹತ್ತಿಸೋದೇ ಅವಳ ಆಸೆ."

(ಕಥೆ ತಮಾಷೆಯಾಗಿಯೇ ಸಾಗುತ್ತಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ನೀವೂ ಬಚಾವು.)

೨

ಮಗಳು ಹೆಗಲ ಮೇಲಿಂದ ಇಣುಕಿ ಓದಿದಳು.

"ಅಮ್ಮ, ಇದು ನಮ್ಮ ಸ್ಕೂಲ್ ಪಕ್ಕದ ಕ್ರೇನ್ ತಾನೇ?"

"ಇಲ್ಲ ಪುಟ್ಟಿ. ಇದು ಸುಮ್ನೆ, ಕಥೇದು."

"ಅದರ ಕೈ ನಮ್ಮ ಕ್ಲಾಸ್ ಮೇಲೇ ಬರುತ್ತೆ. ನಾವು ಅದಕ್ಕೆ ಜಿರಾಫೆ ಅಂತ ಕರೀತೀವಿ. ಟಾಟಾ ಮಾಡಿದ್ರೆ ಮೇಲಿರೋ ಅಂಕಲ್ಲೂ ಟಾಟಾ ಮಾಡ್ತಾರೆ."

ಅಲ್ಲಿ ಕ್ರೇನ್ ಇರುವುದು ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಅವಳನ್ನು ಇಳಿಸಿ ಬಸ್ಸಿಗೆ ಓಡುವವಳು ತಲೆಯೆತ್ತಿ ನೋಡುವುದು ಯಾವಾಗ?

ಮರುದಿನ ನೋಡಿದೆ. ಉದ್ದನೆಯ ಹಳದಿ ಕೈ, ಅವಳ ಕಿಟಕಿಯ ನೇರಕ್ಕೆ.

೨ (ಮತ್ತೆ. ಮೂರಕ್ಕೆ ಹೋಗಲು ಕಾಲು ಬರುತ್ತಿಲ್ಲ.)

ತಮ್ಮನನ್ನೇ ಕೇಳಿದೆ. ನಾನು ಸೃಷ್ಟಿಸಿದವನು, ಉತ್ತರ ಕೊಡದೆ ಎಲ್ಲಿ ಹೋಗುತ್ತಾನೆ?

"ಬಿರುಗಾಳಿ ಬಂದ್ರೆ ಕ್ರೇನ್ ಏನಾಗುತ್ತೆ?"

"ಏನೂ ಆಗಲ್ಲ ಮೇಡಂ. ಕ್ರೇನಿನ ಕೈ ತಿರುಗದ ಹಾಗೆ ಹಿಡಿಯೋ ಬ್ರೇಕ್ ಬಿಟ್ಟು ಇಳೀಬೇಕು, ಅಷ್ಟೇ. ಕೈ ತಾನಾಗೇ ಗಾಳಿ ಹೋದ ಕಡೆ ತಿರುಗಿ ಸುಮ್ನಾಗುತ್ತೆ."

"ಬಿಡದೇ ಇಳಿದ್ರೆ?"

"ಗಾಳಿಗೆ ಎದೆ ಕೊಟ್ಟು ನಿಲ್ಲುತ್ತೆ."

"ನಿಂತು?"

"ಮಲಗುತ್ತೆ."

ಕೊಕ್ಕೆಯಲ್ಲಿ ಭಾರವಿದ್ದರೆ ಬ್ರೇಕ್ ಬಿಡುವಂತಿಲ್ಲವಂತೆ. ಮೊದಲು ಭಾರ ಇಳಿಸಬೇಕು, ಕೊಕ್ಕೆ ಮೇಲೆಳೆದುಕೊಳ್ಳಬೇಕು, ಆಮೇಲೆ ಬ್ರೇಕು. ಅಷ್ಟು ಹೊತ್ತಿಗೆ ಮಳೆ ಶುರುವಾಗಿರುತ್ತದೆ. ಕ್ಯಾಬಿನ್ನಿನಲ್ಲಿ ಕೂತವನಿಗೆ ಸಿಡಿಲಿನ ಭಯ ಕಡಿಮೆ. ಒದ್ದೆ ಏಣಿಯ ಮೇಲಿರುವವನಿಗೆ ಹಾಗಲ್ಲ. ಗಾಳಿ ಮಿತಿಮೀರಿದರೆ ಮೇಲೆ ಕೂತಿರಲೂ ಆಗದು.

"ಅದಕ್ಕೇ ಅಲ್ವಾ ನಮ್ಮಕ್ಕ 'ಬಿಟ್ಟು ಬಾ' ಅಂದಿದ್ದು?" ಎಂದ. "ಈಗ ನೀವು ಯಾಕೆ ಮುಖ ಹೀಗೆ ಮಾಡ್ಕೊಂಡ್ರಿ?"

೩

ಇಂದಿನ ಪೇಪರಿನಲ್ಲಿ ವಾರದ ಮುನ್ಸೂಚನೆ ಬಂದಿದೆ. ಬುಧವಾರ: ಸಾಧಾರಣ ಮಳೆ. ಗುರುವಾರ: ಗುಡುಗು ಸಹಿತ ಭಾರಿ ಮಳೆ, ಬಿರುಗಾಳಿ.

ಅಕ್ಕನ ಕೈಯಲ್ಲಿ ನಾನು ಬರೆಸಿದ್ದೂ ಅದೇ, ಪೇಪರ್ ಬರುವ ಮೊದಲೇ. ಕಥೆಯಲ್ಲಿ ಬರೆದದ್ದು ಶಾಲೆಯ ಪಕ್ಕದಲ್ಲೂ ಆಗಿಬಿಟ್ಟರೆ?

ಬೇಗ ಬೇಗ ತಿದ್ದಿದೆ. ಗುರುವಾರ: ಶುಭ್ರ ಆಕಾಶ.

"ಸುಳ್ಳು ಬರೆಯಲ್ಲ ಮೇಡಂ," ಎಂದಳು ಅಕ್ಕ. "ಬೇಕಾದ್ರೆ ನನ್ನನ್ನೇ ಕಥೆಯಿಂದ ತೆಗೆದುಬಿಡಿ."

ಮಗಳನ್ನು ಗುರುವಾರ ಮನೆಯಲ್ಲೇ ಇರಿಸಿಕೊಳ್ಳಬಾರದೆ, ಎನ್ನುತ್ತೀರಿ. ಇರಿಸಿಕೊಳ್ಳುತ್ತೇನೆ. ಟೆಸ್ಟ್ ಇದೆ ಎಂದು ಅತ್ತರೂ ಬಿಡುವುದಿಲ್ಲ. ಆದರೆ ಉಳಿದ ಬೆಂಚುಗಳಲ್ಲಿ ಕೂರುವವರನ್ನು ಯಾರ ಮನೆಯಲ್ಲಿ ಇರಿಸಲಿ?

೪. ಅಂತ್ಯ, ಮೊದಲ ಪ್ರಯತ್ನ

ಗುರುವಾರ ಮಧ್ಯಾಹ್ನ. ಅಕ್ಕ ಫೋನ್ ಮಾಡುತ್ತಾಳೆ. ಕೊಕ್ಕೆಯಲ್ಲಿ ಕಬ್ಬಿಣದ ಸರಳುಗಳ ಕಟ್ಟು, ಕ್ರೇನಿನ ಕೈ ಶಾಲೆಯ ಮೇಲೆ. ತಮ್ಮ ಎಲ್ಲ ಹಾಗೇ ಬಿಟ್ಟು ಇಳಿಯುತ್ತಾನೆ. ನೆಲ ಮುಟ್ಟುತ್ತಾನೆ. "ಬಂದ್ಯಾ?" "ಬಂದೆ ಅಕ್ಕ." ಅವಳು ಅಳುತ್ತಾಳೆ. ಗಾಳಿ ಬರುತ್ತದೆ. ಜಿರಾಫೆ ಎದೆ ಕೊಟ್ಟು ನಿಲ್ಲುತ್ತದೆ. ಆಮೇಲೆ

(ಹರಿದು ಹಾಕಿದೆ.)

೪. ಎರಡನೆಯದಕ್ಕೆ ಮೊದಲು ಒಂದು ಜಗಳ

"ಮುರಿ," ಎಂದೆ ತಮ್ಮನಿಗೆ. "ಕೊಟ್ಟ ಮಾತು ಮುರಿದುಬಿಡು. ಮೊದಲು ಭಾರ ಇಳಿಸು, ಬ್ರೇಕ್ ಬಿಡು."

"ಅಕ್ಕ ನನ್ನ ಎತ್ತಿ ಆಡಿಸಿದವಳು. ನಿಮ್ಮ ಪರವಾಗಿ ನಾನ್ಯಾಕೆ ಅವಳ ಮಾತು ಮೀರಲಿ? ಧೈರ್ಯ ಇದ್ರೆ ನೀವೇ ಅವಳಿಗೆ ಹೇಳಿ."

ಹೇಳಿದೆ. ಅಕ್ಕ ಪರದೆಯ ಮೇಲಿನ ಮೋಡಗಳಿಂದ ಕಣ್ಣು ತೆಗೆಯಲಿಲ್ಲ.

"ನಿಮಗೆಷ್ಟು ಮಕ್ಕಳು?"

"ಒಬ್ಬಳೇ."

"ನನಗೂ ಒಬ್ಬನೇ ತಮ್ಮ."

ಅವಳು ಫೋನ್ ಎತ್ತಿಕೊಂಡಳು. ನಾನು ಪೆನ್ನು.

೫

"ಇಳಿ," ಎಂದಳು ಅಕ್ಕ.

"ಹೂಂ ಅಕ್ಕ."

ತಮ್ಮ ಎದ್ದ. ಕ್ಯಾಬಿನ್ನಿನ ಬಾಗಿಲಿಗೆ ಕೈ ಹಾಕಿದ. ಹಾಕುತ್ತಾ ಕೆಳಗೆ ನೋಡಿದ. ಶಾಲೆಯ ಕಿಟಕಿಯಲ್ಲಿ ಯಾರೋ ಟಾಟಾ ಮಾಡುತ್ತಿದ್ದರು. (ನನ್ನ ಮಗಳಲ್ಲ. ನನ್ನ ಮಗಳು ಮನೆಯಲ್ಲಿದ್ದಾಳೆ. ಅವಳ ಪಕ್ಕದ ಬೆಂಚಿನವಳು.)

ಅವನು ಮತ್ತೆ ಕೂತ. ಫೋನನ್ನು ಆಫ್ ಮಾಡದೆ ತೊಡೆಯ ಮೇಲಿಟ್ಟುಕೊಂಡ. ಅಕ್ಕನಿಗೆ ಎಲ್ಲ ಕೇಳುತ್ತಿತ್ತು. ಮೋಟಾರಿನ ಗುರ್ರ್ ಸದ್ದು. ಸರಳುಗಳು ನೆಲಕ್ಕೆ ತಾಗಿದ ಸದ್ದು. ಕೊಕ್ಕೆ ಮೇಲೆ ಬಂದ ಸದ್ದು. "ಇಳೀತಿದೀಯಾ? ಏಯ್, ಇಳೀತಿದೀಯಾ?" ಎಂದು ಅವಳು ಕೇಳುತ್ತಲೇ ಇದ್ದಳು. ಆಮೇಲೆ, ತಗಡಿನ ಮೇಲೆ ಕಾಳು ಸುರಿದಂತೆ, ಮಳೆ.

ಬ್ರೇಕ್ ಬಿಟ್ಟ. ಹಳದಿ ಕೈ ನಿದ್ದೆಗಣ್ಣಿನ ಪ್ರಾಣಿಯ ಹಾಗೆ ನಿಧಾನ ಹೊರಳಿ ಶಾಲೆಯಿಂದ ಆಚೆಗೆ ತಿರುಗಿತು.

ತಮ್ಮ ಬಾಗಿಲು ತೆರೆದ. ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟ. ಆಕಾಶ ಒಮ್ಮೆ ಬೆಳ್ಳಗಾಯಿತು.

ನಾನು ಪೆನ್ನು ಕೆಳಗಿಟ್ಟೆ.

ಅಕ್ಕನ ಮುನ್ಸೂಚನೆಯಲ್ಲಿ ಶುಕ್ರವಾರ, ಶನಿವಾರ, ಭಾನುವಾರಗಳ ಜಾಗ ಖಾಲಿ ಬಿಟ್ಟಿದ್ದೇನೆ. ನಿಮಗೆ ಬೇಕಿದ್ದರೆ ಅವನನ್ನು ಒಂದೊಂದೇ ಮೆಟ್ಟಿಲು ಇಳಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ನನ್ನ ಕೈಯಿಂದ ಆಗದು. ಅಕ್ಕ ಇನ್ನೂ ಫೋನ್ ಹಿಡಿದು ಕೂತಿದ್ದಾಳೆ, ನನ್ನ ಕಡೆ ನೋಡುತ್ತಿಲ್ಲ.

ಗೊತ್ತಿರುವುದಿಷ್ಟೇ. ಅಕ್ಕ ಇಳಿ ಎಂದಾಗ ತಮ್ಮ ಇಳಿಯಲಿಲ್ಲ. ಕೊಟ್ಟ ಮಾತು ಮುರಿದ.