ನುಜಹತ್‌ಳ ಐದು ದಿನ

ಸವಳಂಗದ ಬೀಗರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಚಹಾದ ಲೋಟಗಳನ್ನು ತೊಳೆಯುತ್ತಿದ್ದೆ. ತಂಗಿ ನುಜಹತ್ ಒಂದೊಂದೇ ಒರೆಸಿಡುತ್ತಿದ್ದಳು. ನಡುಮನೆಯ ಮಾತು ಕೇಳಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದೆ.

ಹುಡುಗನ ಅಜ್ಜಿಗೆ ಹುಷಾರಿಲ್ಲ, ನನ್ನ ಮದುವೆ ಬೇಗ ಮುಗಿಸಬೇಕೆಂದು ಅವರು ಕೇಳಿದ್ದರು. ನಾಳೆಯಿಂದಲೇ ಮಾಂಜಾ. ಅರಿಶಿನ ಹಚ್ಚಿ, ಹಳದಿ ಬಟ್ಟೆ ಹಾಕಿಸಿ ಮದುಮಗಳನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಮದುವೆಯವರೆಗೆ ಅವಳು ಹೊರಗೆ ಬರುವಂತಿಲ್ಲ, ಒಬ್ಬಳೇ ಇರುವಂತೆಯೂ ಇಲ್ಲ. ಮದುವೆಯಾಗದ ಹುಡುಗಿಯೊಬ್ಬಳು ಜೊತೆಗಿರಬೇಕೆಂಬುದು ನಮ್ಮ ಮನೆಯ ಪದ್ಧತಿ. ನುಜಹತ್ ಕೂರುತ್ತಾಳೆ, ಹತ್ತು ದಿನ ಕಾಲೇಜು ಬಿಡಲಿ ಎಂದು ಅಮ್ಮಿ ಹೇಳಿದರು.

ಅವಳು ಕೆರೆಬಿಳಚಿಯಿಂದ ದಿನಾ ಬಸ್ಸಿನಲ್ಲಿ ಚನ್ನಗಿರಿಗೆ ಹೋಗಿ ಎರಡನೇ ಪಿಯುಸಿ ಓದುತ್ತಾಳೆ. ಹಾಜರಿ ಎಪ್ಪತ್ತೈದು ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಣ್ಣ ಅಫ್ತಾಬ್ ಅದಕ್ಕೂ ದಾರಿ ಕಂಡುಕೊಂಡಿದ್ದ.

"ಇನ್ನ ನಲವತ್ತು ದಿನ ಕಾಲೇಜು ಐತೆ. ಅದ್ರಾಗೆ ಕಾಲು ಭಾಗ ರಜೆ ಹಾಕಬಹುದು. ಸರಿಯಾಗಿ ಹತ್ತು ದಿನ."

ನುಜಹತ್ ಕೈಲಿದ್ದ ಲೋಟವನ್ನು ಒರೆಸುತ್ತಲೇ ಇದ್ದಳು. ಅದು ಆಗಲೇ ಒಣಗಿತ್ತು.

ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಆದರೆ ಅವಳು ಗಣಿತವನ್ನು ಗಟ್ಟಿಯಾಗಿ ಓದುವಾಗ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಿದ್ದೇನೆ. ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಹೆಸರಿಟ್ಟು, ಗೊತ್ತಿರುವುದನ್ನೆಲ್ಲ ಅದರ ಸುತ್ತ ಜೋಡಿಸಬೇಕು. ಒದ್ದೆ ಬೆರಳಿನಿಂದ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಬರೆದೆ. ವರ್ಷಕ್ಕೆ ಇನ್ನೂರು ದಿನ. ಅದರ ಎಪ್ಪತ್ತೈದು ಪರ್ಸೆಂಟ್ ನೂರೈವತ್ತು. ಈವರೆಗೆ ನಡೆದ ನೂರಾ ಅರವತ್ತರಲ್ಲಿ ಅವಳು ಹೋಗಿರುವುದು ನೂರಾ ಹದಿನೈದು. ಅಮ್ಮಿಯ ಆಪರೇಷನ್ ಆಗಿ ನಾನು ಅವರ ಜೊತೆ ಆಸ್ಪತ್ರೆಯಲ್ಲಿದ್ದಾಗ ಮನೆ ನೋಡಿಕೊಂಡವಳು ಅವಳೇ. ನೂರಾ ಹದಿನೈದಕ್ಕೆ ಎಕ್ಸ್ ಕೂಡಿಸಿದರೆ ನೂರೈವತ್ತು ಆಗಬೇಕು. ಎಕ್ಸ್ ಮೂವತ್ತೈದು. ನಲವತ್ತರಲ್ಲಿ ಅಷ್ಟು ದಿನ ಹೋಗಲೇಬೇಕು.

ದುಪಟ್ಟಾಕ್ಕೆ ಕೈ ಒರೆಸಿಕೊಂಡು ನಡುಮನೆಯ ಬಾಗಿಲಿಗೆ ಬಂದೆ. ಅಲ್ಲಿ ಹಾಗೆ ನಿಂತು ಮಾತಾಡಿದವಳಲ್ಲ ನಾನು.

"ಭಾಯ್, ಕಾಲು ಭಾಗ ಹಿಡಿಯೋದು ನಲವತ್ತರಾಗಲ್ಲ, ಇನ್ನೂರರಾಗೆ. ಅಂದ್ರೆ ಐವತ್ತು ದಿನ ರಜೆ. ಅದ್ರಾಗೆ ನಲವತ್ತೈದು ಈ ಮನೆ ಕೆಲಸಕ್ಕೇ ಹೋಗೈತೆ. ಉಳಿದಿರೋದು ಐದು."

ಅಣ್ಣ ನಕ್ಕ. "ಮದುಮಗಳು ತಲೆ ತಗ್ಗಿಸಿ ಕೂರಬೇಕಮ್ಮ, ಲೆಕ್ಕದ ಮೇಷ್ಟ್ರಾಗಾಕೆ ಹೋಗಬಾರದು."

ಆದರೂ ಮೊಬೈಲಿನಲ್ಲಿ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಅದನ್ನು ಜೇಬಿಗೆ ಹಾಕಿ, ಹಾಲ್ ಟಿಕೆಟ್ ಕೊಡಿಸಲು ಯಾರಿಗಾದರೂ ಹೇಳಿದರಾಯಿತು ಎಂದ. ಹತ್ತೇ ದಿನ ತಾನೇ ಎಂದರು ಅಮ್ಮಿ. ನನ್ನನ್ನು ನಮ್ಮ ಅಜ್ಜಿಯ ಆರೈಕೆಗೆ ಶಾಲೆ ಬಿಡಿಸಿದಾಗಲೂ ಹದಿನೈದು ದಿನಕ್ಕೆಂದೇ ಹೇಳಿದ್ದರು.

"ಮದುವೆ ಹತ್ರ ಬಂದಾಗ ನಾಲ್ಕು ದಿನ ನನ್ನ ಜೊತೆ ಇರ್ತಾಳೆ, ಅಲ್ಲಿವರೆಗೆ ನಾನೊಬ್ಬಳೇ ಕೂರ್ತೀನಿ. ಅವಳಿಗೆ ಜ್ವರಗಿರ ಬಂದ್ರೆ ಅಂತ ಒಂದು ದಿನ ಇರಲಿ. ಅದಕ್ಕಿಂತ ಹೆಚ್ಚು ಅಂದ್ರೆ ನಾನು ಹಳದಿ ಬಟ್ಟೆ ಮುಟ್ಟಲ್ಲ. ಬೀಗರಿಗೆ ನೀವೇ ಹೇಳ್ರಿ."

ಅಮ್ಮಿ ಅಬ್ಬಾರ ಕಡೆ ನೋಡಿದರು. ಅಬ್ಬಾ ಚಾಪೆಯ ಅಂಚನ್ನೇ ನೋಡುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ, ಅಡುಗೆಮನೆಗೆ ಹಿಂದಿರುಗಲಿಲ್ಲ.

"ಅಬ್ಬಾ, ನಾಳೆ ಬೆಳಿಗ್ಗೆ ಅವಳನ್ನ ಚನ್ನಗಿರಿ ಬಸ್ಸಿಗೆ ಹತ್ತಿಸಿ ಬರ್ರಿ" ಎಂದೆ.

ನನ್ನ ಹಿಂದೆ ನುಜಹತ್ ಒಣಗಿದ ಲೋಟವನ್ನು ಕೆಳಗಿಟ್ಟ ಸದ್ದಾಯಿತು.