ಮೊದಲು ಸ್ಟಾರ್ಟ್, ಆಮೇಲೆ ಸಹಿ

"ಮಗನಿಗಾ ಮೇಡಂ?" ಎಂದು ಅಂಗಡಿಯವನು ಕೇಳಿದ.

"ನನಗೆ."

ಅಂಗಡಿಯವನು ಅವಳ ಪಕ್ಕದಲ್ಲಿದ್ದ ತಮ್ಮನ ಮುಖ ನೋಡಿದ. ತಮ್ಮ ಗೋಡೆಗೆ ನೇತುಹಾಕಿದ್ದ ಕೀಬೋರ್ಡುಗಳನ್ನು ನೋಡತೊಡಗಿದ. ಬರುವ ದಾರಿಯಲ್ಲೇ ಅವನು ಹೇಳಿದ್ದ: "ಯಾರಾದ್ರೂ ಕೇಳಿದ್ರೆ ನನ್ನ ಮಗನಿಗೆ ಅನ್ನು ಅಕ್ಕಾ. ಐವತ್ತರ ಹತ್ತಿರ ಬಂದವಳು ಗೇಮ್ ಆಡೋಕೆ ಕಂಪ್ಯೂಟರ್ ಕೊಳ್ತೀನಿ ಅಂದ್ರೆ ನಗ್ತಾರೆ." ನಗಲಿ ಎಂದಿದ್ದಳು.

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು ಅವಳು. ಡಿಪೋದಲ್ಲಿ ಎಲ್ಲರಿಗೂ ಡ್ರೈವರಮ್ಮ. ಐದು ತಿಂಗಳ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಒಂದು ಚುಕ್ಕಿಯನ್ನು ನೋಡುತ್ತಿರಲು ಹೇಳಿ, ಪಕ್ಕದಿಂದ ಪುಟ್ಟ ದೀಪವೊಂದನ್ನು ತಂದರು. ಬಲಗಡೆಯಿಂದ ಬಂದಾಗ ಕಂಡಿತು. ಎಡಗಡೆಯಿಂದ ಬಂದಾಗ ಮೂಗಿನ ಹತ್ತಿರ ಬರುವವರೆಗೂ ಕಾಣಲಿಲ್ಲ. ತಲೆಯೊಳಗೆ ಯಾವುದೋ ಸಣ್ಣ ನರ ಸದ್ದಿಲ್ಲದೆ ಕೆಟ್ಟಿತ್ತಂತೆ. ಎರಡೂ ಕಣ್ಣಿಗೆ ಎಡ ಅಂಚು ಇಲ್ಲ. ಮಾರನೆಯ ದಿನದಿಂದಲೇ ಸ್ಟೀರಿಂಗ್ ಹೋಯಿತು. ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರಿಸಿದರು. ಕೊಡೆಗಳು, ಒಂಟಿ ಚಪ್ಪಲಿಗಳು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಜನ ಈಗಲೂ ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವಳಿಗೆ ಉರಿದು ಬರುತ್ತಿತ್ತು.

ಡಾಕ್ಟರು ಹೇಳಿದ್ದು ಸರಿಯೇ. ನಲವತ್ತು ಜನರನ್ನು ಕೂರಿಸಿಕೊಂಡು ಎಡಗಡೆ ಕಾಣದೆ ಹೋಗುವುದು ಕೊಲೆಗೆ ಸಮ ಎಂದು ಅವಳಿಗೂ ಗೊತ್ತಿತ್ತು. ಅದರ ಮೇಲೆ ಅವಳಿಗೆ ಜಗಳವಿರಲಿಲ್ಲ. ಜಗಳ ಇದ್ದದ್ದು ಆಮೇಲೆ ಎಲ್ಲರೂ ಕೊಟ್ಟ ಬುದ್ಧಿವಾದದ ಮೇಲೆ. ಆಯ್ತಲ್ಲ, ಸಾಕಷ್ಟು ಓಡಿಸಿದ್ದೀಯ, ಇನ್ನು ಕೂತ್ಕೋ. ಯಾರೂ ಸಾಯದ ಕಡೆ ಓಡಿಸುತ್ತೇನೆ ಎಂದು ಅವಳು ತೀರ್ಮಾನಿಸಿದಳು. ಬಸ್ಸು ಓಡಿಸುವ ಗೇಮ್ ಒಂದಿತ್ತು. ಡಿಪೋದ ಮೆಕ್ಯಾನಿಕ್ ಹತ್ತಿರ ಹಳೆಯ ಗೇಮ್ ಸ್ಟೀರಿಂಗ್ ಸಿಕ್ಕಿತು, ಪೆಡಲ್ ಸಮೇತ. ಒಂದು ತಿಂಗಳಿಂದ ಅದು ಮಂಚದ ಕೆಳಗಿತ್ತು. ಅದಕ್ಕೊಂದು ಗಾಡಿ ಬೇಕಿತ್ತು.

"ಗೇಮಿಂಗ್ ಅಂದ್ರೆ ಇದೇ ತಗೊಳ್ಳಿ," ಎಂದು ಅಂಗಡಿಯವನು ಬೆಂಕಿಯ ಬಣ್ಣದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟ. "ಎಂಟು ಕೋರ್ ಪ್ರೊಸೆಸರ್. ಜೊತೆಗೆ ಈ ಮದರ್‌ಬೋರ್ಡ್ ಹಾಕಿದ್ರೆ ನಿಮ್ಮ ಬಜೆಟ್‌ಗೆ ಸರಿಹೋಗತ್ತೆ. ಕಣ್ಮುಚ್ಚಿ ತಗೊಂಡು ಹೋಗಿ."

"ಕಣ್ಣು ಬಿಟ್ಕೊಂಡೇ ತಗೋತೀನಿ. ಇದರಲ್ಲಿ ಗ್ರಾಫಿಕ್ಸ್ ಇದೆಯಾ?"

"ಅದಕ್ಕೆ ಬೇರೆ ಕಾರ್ಡ್ ಬರತ್ತೆ ಮೇಡಂ. ದುಡ್ಡು ಆದಾಗ ಹಾಕ್ಕೊಳ್ಳಿ."

"ಅಲ್ಲಿವರೆಗೆ ಸ್ಕ್ರೀನ್ ಮೇಲೆ ಏನು ಬರತ್ತೆ?"

ಅಂಗಡಿಯವನು ತಡವರಿಸಿದ. "ಏನೂ... ಬರಲ್ಲ."

"ಎಂಟು ಕೋರ್ ಇಟ್ಕೊಂಡು ಕತ್ತಲೆ ನೋಡ್ತಾ ಕೂರ್ಲಾ?"

ತಮ್ಮನಿಗೆ ನಗು ಬಂತು, ತಡೆದುಕೊಂಡ. ಅವನು ಒಂದು ಸೊಸೈಟಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ತೆಗೆಯಬಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಅವನೇ ತಜ್ಞ. "ಅಕ್ಕಾ, ಅವರು ದಿನಾ ಇದೇ ಕೆಲಸ ಮಾಡೋರು. ಅವರಿಗೆ ಬಿಡು," ಎಂದ.

ಅವಳು ಬಿಡಲಿಲ್ಲ. ಯಾರೂ ಕೊಡೆ ಕೇಳಲು ಬಾರದ ಮಧ್ಯಾಹ್ನಗಳಲ್ಲಿ ಮೂರು ತಿಂಗಳು ಫೋನಿನಲ್ಲಿ ಇದನ್ನೇ ಓದಿದ್ದಳು. ಅರ್ಧ ಅರ್ಥವಾಗಿರಲಿಲ್ಲ. ಉಳಿದರ್ಧ ಮಾತ್ರ ಗಾಡಿಯ ವಿಷಯವೇ ಆಗಿತ್ತು. ಪ್ರೊಸೆಸರ್ ಇಂಜಿನ್, ಕೋರುಗಳು ಅದರ ಸಿಲಿಂಡರುಗಳು. ಮದರ್‌ಬೋರ್ಡ್ ಅಂದರೆ ಚಾಸಿ. ಎಲ್ಲ ಭಾಗಗಳೂ ಅದರ ಮೇಲೆಯೇ ಕೂರಬೇಕು, ಎಲ್ಲದಕ್ಕೂ ಕರೆಂಟು ಅದರಿಂದಲೇ ಹೋಗಬೇಕು. ಹೊಸ ಇಂಜಿನನ್ನು ಬಡಕಲು ಚಾಸಿಗೆ ಕೂರಿಸಿದ ಬಸ್ಸುಗಳನ್ನು ಅವಳು ಏರಿನಲ್ಲಿ ಓಡಿಸಿದ್ದಳು, ಅರ್ಧ ದಾರಿಯಲ್ಲಿ ಇಳಿದು ನೀರು ಹೊಯ್ದಿದ್ದಳು.

"ಆರು ಕೋರಿಂದು, ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್ ಕೊಡಿ. ದುಡ್ಡು ಉಳಿಯತ್ತಲ್ಲ, ಅದನ್ನ ಬೋರ್ಡಿಗೆ ಹಾಕಿ. ಕರೆಂಟು ಬರೋ ಜಾಗದ ಮೇಲೆ ಲೋಹದ ಹೊದಿಕೆ ಇರಬೇಕು, ಬಿಸಿ ಆಗಬಾರದು. ಮೆಮೊರಿ ಕಡ್ಡಿಗೆ ನಾಲ್ಕು ಸೀಳು ಬೇಕು. ಮುಂದೆ ಕಾರ್ಡ್ ಹಾಕೋಕೆ ಗಟ್ಟಿ ಜಾಗ ಬೇಕು. ಹಿಂದುಗಡೆ ಒಂದು ಸಣ್ಣ ಬಟನ್ ಇರತ್ತಲ್ಲ, ಬೋರ್ಡಿನ ಸಾಫ್ಟ್‌ವೇರ್ ಬದಲಾಯಿಸೋಕೆ? ಅದು ಇರಬೇಕು."

"ಆ ಬಟನ್ ಯಾರೂ ಮುಟ್ಟಲ್ಲ ಮೇಡಂ."

"ಬಸ್ಸಲ್ಲಿ ಎಮರ್ಜೆನ್ಸಿ ಬಾಗಿಲೂ ಯಾರೂ ಮುಟ್ಟಲ್ಲ."

ಅಂಗಡಿಯವನು ಒಳಗೆ ಹೋಗಿ, ಮೇಲಿನ ಅಟ್ಟದಿಂದ ಒಂದು ಡಬ್ಬಿ ಇಳಿಸಿಕೊಂಡು ಬಂದ. ಧೂಳನ್ನು ತೋಳಿನಿಂದ ಒರೆಸಿದ. ಬೋರ್ಡು ಅವಳು ಕೇಳಿದಂತೆಯೇ ಇತ್ತು. ಅವಳು ಅದನ್ನು ಕೈಯಲ್ಲಿ ತಿರುಗಿಸಿ, ಬಲಗಡೆಯಿಂದ ಶುರು ಮಾಡಿ ಸುತ್ತಲೂ ನೋಡಿದಳು. ಎಡಗಡೆ ಬಂದಾಗ ಇಡೀ ತಲೆಯನ್ನೇ ತಿರುಗಿಸಿದಳು.

ಅವಳು ಎಣಿಸಿ ಕೊಟ್ಟ ದುಡ್ಡನ್ನು ಗಲ್ಲಾಕ್ಕೆ ಹಾಕಿ, ಅವನು ರಸೀದಿಯನ್ನು ಮುಂದೆ ತಳ್ಳಿದ. "ಸಾಮಾನು ಸರಿಯಾಗಿ ಮುಟ್ಟಿದೆ ಅಂತ ಇಲ್ಲಿ ಸಹಿ ಹಾಕಿ. ಜೋಡಿಸೋದು ಮನೆಯಲ್ಲಿ ನಿಮ್ಮ ತಮ್ಮ ಮಾಡ್ತಾರಲ್ಲ."

"ಜೋಡಿಸಿ ಸ್ಟಾರ್ಟ್ ಮಾಡಿ. ಆಮೇಲೆ ಸಹಿ."

"ನಮ್ಮಲ್ಲಿ ಹಾಗಿಲ್ಲ ಮೇಡಂ."

"ನಮ್ಮಲ್ಲಿ ಹಾಗೇ."

ಡಿಪೋದಲ್ಲಿ ಬೆಳಿಗ್ಗೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಇಂಜಿನ್ ಶುರು ಮಾಡಿ, ಬ್ರೇಕು ಒತ್ತಿ ನೋಡಿದ ಮೇಲೆಯೇ ಪುಸ್ತಕಕ್ಕೆ ಸಹಿ. ಸಹಿ ಬೀಳುವವರೆಗೆ ಗಾಡಿಯ ದೋಷ ಡಿಪೋದ್ದು. ಬಿದ್ದಮೇಲೆ ಅದರ ಪಾಪವೆಲ್ಲ ಡ್ರೈವರ್ ತಲೆಗೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಮ್ಮೆ ಅವಸರಕ್ಕೆ ಬಿದ್ದು ನೋಡದೆ ಸಹಿ ಹಾಕಿದ್ದಳು. ಒಡೆದ ಹಿಂದಿನ ದೀಪಕ್ಕೆ ಸಂಬಳದಲ್ಲಿ ಕತ್ತರಿ ಬಿತ್ತು. ದೀಪ ಹಿಂದಿನ ದಿನವೇ ಒಡೆದಿತ್ತು. ಅಂದಿನಿಂದ ಅವಳು ಮದುವೆ ಕಾಗದಕ್ಕೂ ಎರಡು ಸಲ ಓದಿ ಸಹಿ ಹಾಕಿದವಳು.

ಹಿಂದೆ ಇಬ್ಬರು ಗಿರಾಕಿಗಳು ಬಂದು ನಿಂತರು. ಅಂಗಡಿಯವನಿಗೆ ಬೇಗ ಮುಗಿಸಬೇಕಿತ್ತು. ಪ್ರೊಸೆಸರಿನ ಸೀಲು ಹರಿದು, ಬೋರ್ಡಿನಲ್ಲಿ ಕೂರಿಸಿ, ಮೇಲೆ ಫ್ಯಾನು ಬಿಗಿದ. ಮೆಮೊರಿ ಒತ್ತಿದ. ಅಂಗಡಿಯ ಪವರ್ ಸಪ್ಲೈ ಮತ್ತು ಮಾನಿಟರ್ ಜೋಡಿಸಿದ. ಸ್ವಿಚ್ಚು ಹಾಕಿದ.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು.

ಅವನು ಮೆಮೊರಿ ಕಿತ್ತು ಮತ್ತೆ ಹಾಕಿದ. ಕೇಬಲ್ ಬದಲಾಯಿಸಿದ. ಫ್ಯಾನು ತಿರುಗಿತು, ಪರದೆ ಕಪ್ಪು. ತಮ್ಮ ಅವಳ ಕಿವಿಯ ಹತ್ತಿರ ಬಂದು, "ನಾನು ಹೇಳ್ಲಿಲ್ವಾ? ಆ ಎಂಟು ಕೋರಿಂದೇ ತಗೋಬೇಕಿತ್ತು," ಎಂದ.

"ಅದರಲ್ಲೂ ಕಪ್ಪೇ ಬರ್ತಿತ್ತು. ಸುಮ್ಮನಿರು."

ಅಂಗಡಿಯವನು ಗೋಡೆಯತ್ತ ಕೈ ತೋರಿಸಿದ. 'ಸೀಲ್ ಒಡೆದ ಪ್ರೊಸೆಸರ್ ವಾಪಸ್ ಇಲ್ಲ' ಎಂಬ ಬರಹ ಅಲ್ಲಿತ್ತು. "ಪ್ರೊಸೆಸರ್ ಹೋಗಿರಬೇಕು ಮೇಡಂ. ಕಂಪನಿಗೆ ಕಳಿಸ್ಬೇಕು. ತಿಂಗಳಾಗತ್ತೆ, ಗ್ಯಾರಂಟಿ ಇಲ್ಲ. ಬೇಕಿದ್ರೆ ಸ್ವಲ್ಪ ಸೇರಿಸಿ ಬೇರೆ ಸೆಟ್ ತಗೊಳ್ಳಿ."

ಸೇರಿಸಲು ಅವಳ ಹತ್ತಿರ ಇರಲಿಲ್ಲ. ಇವತ್ತು ಇದು ಶುರುವಾಗದಿದ್ದರೆ ಸ್ಟೀರಿಂಗ್ ಮಂಚದ ಕೆಳಗೇ ಇರುತ್ತದೆ, ಮನೆಯವರೆಲ್ಲ ಸರಿ ಎಂದಾಗುತ್ತದೆ, ಅವಳು ಒಂಟಿ ಚಪ್ಪಲಿಗಳ ನಡುವೆ ಕೂತಿರುತ್ತಾಳೆ. ಅವಳು ಬೋರ್ಡಿನ ಖಾಲಿ ಡಬ್ಬಿಯನ್ನು ಎತ್ತಿಕೊಂಡಳು. ಅದರ ಎಡಗಡೆಗೆ ಅಂಗಡಿಯ ಬೆಲೆಯ ಚೀಟಿ ಅಂಟಿಸಿತ್ತು. ಅದರ ಕೆಳಗೆ ಇನ್ನೊಂದು ಚೀಟಿಯ ಅಂಚು ಇಣುಕುತ್ತಿತ್ತು. ಉಗುರಿನಿಂದ ಕೆರೆದಳು. ಬೋರ್ಡು ತಯಾರಾದ ತಿಂಗಳು, ವರ್ಷ.

"ಈ ಬೋರ್ಡ್ ನಿಮ್ಮ ಅಟ್ಟ ಹತ್ತಿ ಎಷ್ಟು ದಿನ ಆಯ್ತು?"

"ನೆನಪಿಲ್ಲ."

"ಎರಡೂವರೆ ವರ್ಷದ ಹಿಂದೆ ತಯಾರಾಗಿದ್ದು. ಈ ಪ್ರೊಸೆಸರ್ ಬಂದಿದ್ದು ಹೋದ ವರ್ಷ. ಬೋರ್ಡ್ ತಯಾರಾದಾಗ ಇದು ಹುಟ್ಟೇ ಇರಲಿಲ್ಲ. ಗುರುತು ಹೇಗೆ ಹಿಡಿಯತ್ತೆ? ಎರಡೂ ಚೆನ್ನಾಗೇ ಇವೆ. ಬೋರ್ಡಿಗೆ ಹೊಸ ಸಾಫ್ಟ್‌ವೇರ್ ಹಾಕ್ಬೇಕು, ಅಷ್ಟೇ."

ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಕತ್ತು ಚಾಚಿ ಚೀಟಿ ನೋಡಿದ. ಅಂಗಡಿಯವನ ಕಿವಿ ಕೆಂಪಾಯಿತು. "ಹಾಗಿದ್ರೆ ಸರ್ವಿಸ್‌ಗೆ ಬಿಟ್ಟು ಹೋಗಿ. ನಾಲ್ಕು ದಿನ. ಚಾರ್ಜ್ ಬೇರೆ."

"ಬಟನ್ ಇದೆಯಲ್ಲ."

"ನಡುವೆ ಕರೆಂಟು ಹೋದ್ರೆ ಬೋರ್ಡೇ ಸತ್ತುಹೋಗತ್ತೆ. ನಿಮ್ಮ ಜವಾಬ್ದಾರಿ ಅಂತ ಸಹಿ ಹಾಕಿ, ಒತ್ತೋಣ."

"ಹಾಕಲ್ಲ. ಗಾಡಿ ಇನ್ನೂ ಡಿಪೋದ್ದು."

"ಹಾಗಾದ್ರೆ ನಾನೂ ಒತ್ತಲ್ಲ."

"ಒತ್ತಬೇಡಿ. ದುಡ್ಡು ವಾಪಸ್ ಕೊಡಿ."

"ಗೋಡೆ ಮೇಲೆ ಬರೆದಿರೋದು ಓದಿ ಮೇಡಂ! ಸೀಲ್ ಒಡೆದದ್ದು ವಾಪಸ್ ಇಲ್ಲ!"

"ಒಡೆದವರು ಯಾರು?"

ಹರಿದ ಸೀಲು ಅವನ ಹೆಬ್ಬೆರಳಿಗೆ ಇನ್ನೂ ಅಂಟಿಕೊಂಡಿತ್ತು.

"ಅಕ್ಕಾ, ಸಾಕು, ಎಲ್ಲಾ ನೋಡ್ತಿದ್ದಾರೆ," ಎಂದು ತಮ್ಮ ಅವಳ ಮೊಣಕೈ ಹಿಡಿದ.

"ನೋಡ್ಲಿ. ನಾನು ರಸ್ತೆ ಮಧ್ಯೆ ಬಸ್ ನಿಲ್ಲಿಸಿ ಜಗಳ ಆಡಿದವಳು. ಇಲ್ಲಿ ಹಾರ್ನ್ ಹೊಡೆಯೋರು ಇಬ್ಬರೇ."

ಹಿಂದಿನ ಗಿರಾಕಿ ನಕ್ಕುಬಿಟ್ಟ. "ಒತ್ತಿ ಸ್ವಾಮಿ, ನಾವೂ ನೋಡ್ತೀವಿ," ಎಂದ. ಅಂಗಡಿಯವನು ಅವನನ್ನೊಮ್ಮೆ, ಅವಳನ್ನೊಮ್ಮೆ ದುರುಗುಟ್ಟಿ ನೋಡಿದ. ತನ್ನ ಕಂಪ್ಯೂಟರಿನ ಮುಂದೆ ಕೂತು, ಬೋರ್ಡಿನ ಕಂಪನಿಯ ಪುಟದಿಂದ ಹೊಸ ಫೈಲು ಇಳಿಸಿ, ಪೆನ್ ಡ್ರೈವಿಗೆ ಹಾಕಿದ. ಫೈಲಿನ ಹೆಸರು ಬದಲಾಯಿಸಬೇಕು ಎಂದು ಅವಳು ಹೇಳಿದಳು. ಗೊತ್ತು ಎಂದ. ಗೊತ್ತಿರಲಿಲ್ಲ, ಕೈಪಿಡಿ ತೆರೆದು ನೋಡಿ ಬದಲಾಯಿಸಿದ. ಸುತ್ತ ಗೆರೆ ಎಳೆದಿದ್ದ ಕಿಂಡಿಗೆ ಪೆನ್ ಡ್ರೈವ್ ಚುಚ್ಚಿ, ಯಾರೂ ಮುಟ್ಟದ ಆ ಬಟನ್ ಒತ್ತಿ ಹಿಡಿದ. ಪಕ್ಕದಲ್ಲೊಂದು ಪುಟ್ಟ ದೀಪ ಮಿಣುಕತೊಡಗಿತು.

ಏಳು ನಿಮಿಷ. ಅಂಗಡಿಯವನು ಮೇಲಿನ ಟ್ಯೂಬ್‌ಲೈಟನ್ನೇ ನೋಡುತ್ತಿದ್ದ, ಕರೆಂಟು ಹೋದರೆ ಅದಕ್ಕೇ ಮೊದಲು ಗೊತ್ತಾಗುವಂತೆ. ಅವಳು ಮಿಣುಕುವ ದೀಪವನ್ನೇ ನೋಡುತ್ತಿದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ದೀಪ ನಿಂತಿತು. ಅವನು ಸ್ವಿಚ್ಚು ಹಾಕಿದ. ಫ್ಯಾನು ತಿರುಗಿತು. ಒಂದು ಕ್ಷಣ ಕಪ್ಪು, ಇನ್ನೂ ಕಪ್ಪು, ಆಮೇಲೆ ಬಿಳಿ ಅಕ್ಷರಗಳು. ಪ್ರೊಸೆಸರಿನ ಹೆಸರು, ಆರು ಕೋರ್, ಮೆಮೊರಿ, ಎಲ್ಲವೂ ಸಾಲಾಗಿ ಬಂದು ನಿಂತವು.

"ಬಂತಲ್ಲ! ಇನ್ನಾದ್ರೂ ಸಹಿ ಹಾಕಿ," ಎಂದ ಅಂಗಡಿಯವನು.

"ಫ್ಯಾನಿನ ಒಂದು ಸ್ಕ್ರೂ ಸಡಿಲ ಇದೆ. ಬಿಗಿ ಮಾಡಿ."

ಬಿಗಿ ಮಾಡಿದ. ಅವಳು ಸಹಿ ಹಾಕಿದಳು. ಸಹಿಯ ಮೇಲೆ, ಡಿಪೋದ ಪುಸ್ತಕದಲ್ಲಿ ಬರೆಯುತ್ತಿದ್ದಂತೆಯೇ, 'ಸ್ಟಾರ್ಟ್ ಮಾಡಿ ನೋಡಿದೆ' ಎಂದು ಬರೆದು, ಗಂಟೆ ನಿಮಿಷ ಹಾಕಿದಳು.

ಸಂಜೆಯ ಹೊತ್ತಿಗೆ ಊಟದ ಮೇಜಿನ ಅಂಚಿಗೆ ಸ್ಟೀರಿಂಗ್ ಬಿಗಿದಾಗಿತ್ತು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಪೆಟ್ಟಿಗೆ, ಮಾನಿಟರಿಗೆ ಎಲ್ಲವನ್ನೂ ಜೋಡಿಸಿದ್ದು ತಮ್ಮನೇ. ಎರಡು ಸಲ ತಪ್ಪು ತಂತಿ ಚುಚ್ಚಿದ, ಎರಡು ಸಲವೂ ತಂತಿಯನ್ನೇ ಬೈದ. ಗೇಮ್ ತೆರೆದುಕೊಂಡಾಗ ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕದಲ್ಲಿ ಕೂತ. ನಿಂತ ಬಸ್ಸಿನ ಒಳಗಿನಿಂದ ಖಾಲಿ ರಸ್ತೆ ಕಾಣುತ್ತಿತ್ತು. ಚಿತ್ರಗಳ ಅಂಚು ಅಲ್ಲಲ್ಲಿ ಒರಟಾಗಿತ್ತು. ಕಾರ್ಡು ಹಾಕಿದ ಮೇಲೆ ನಯವಾಗುತ್ತದೆ, ಹಾಕುವ ಜಾಗ ಬೋರ್ಡಿನಲ್ಲಿತ್ತು.

ಅವಳು ಸೆಟ್ಟಿಂಗ್ ತೆರೆದು, ಪರದೆಯ ಎಡ ತುದಿಯಲ್ಲಿದ್ದ ಕನ್ನಡಿಯನ್ನು ಹಿಡಿದು ಎಳೆಯತೊಡಗಿದಳು. ಪರದೆ ದಾಟಿಸಿ ತಂದು, ಬಲಗನ್ನಡಿಯ ಕೆಳಗೆ ನಿಲ್ಲಿಸಿದಳು. ಬಸ್ಸಿನ ಎಡ ಮಗ್ಗುಲು, ಬಾಗಿಲು, ಹಿಂದಿನ ಚಕ್ರ, ಐದು ತಿಂಗಳ ಮೇಲೆ ಮೊದಲ ಸಲ ಅವಳ ಕಣ್ಣಿಗೆ ಬಿದ್ದವು.

"ಅಕ್ಕಾ, ಕನ್ನಡಿ ತಪ್ಪು ಕಡೆ ಇದೆ," ಎಂದ ತಮ್ಮ.

"ನನಗೆ ಕಾಣೋ ಕಡೆ ಇದೆ."

"ಯಾವ ಬಸ್ಸಲ್ಲೂ ಹಾಗಿರಲ್ಲ."

"ಈ ಬಸ್ಸಲ್ಲಿ ಇರತ್ತೆ. ಕಾಲು ತೆಗಿ, ಬ್ರೇಕ್ ಪೆಡಲಿಗೆ ತಾಗ್ತಿದೆ."

ಅವನು ಕಾಲು ತೆಗೆದ. ಅವಳು ಬ್ರೇಕು ಒಮ್ಮೆ ಒತ್ತಿ ನೋಡಿ, ಗೇರು ಹಾಕಿದಳು.