ತಿದ್ದಿದ ತುಟಿ

ಪ್ರವಾಸಿ ಹಡಗಿನ ಚಿತ್ರಕಲೆ ಮೇಷ್ಟ್ರು ಕುಂಚ ಎತ್ತಿದರೆ ಸಮುದ್ರವೇ ಅಲೆ ನಿಲ್ಲಿಸಿ, ಫೋಟೋಕ್ಕೆ ನಿಂತ ಮದುಮಗನ ಹಾಗೆ ಎದೆಯುಬ್ಬಿಸುತ್ತಿತ್ತು. ಸುಳ್ಳೆನ್ನುವವರು ಇಸ್ಪೀಟಿನ ಕೋಣೆಯಲ್ಲಿ, ಟೇಬಲ್ಲಿಗೆ ಪ್ಲಾಸ್ಟಿಕ್ ಹಾಸಿ ನಡೆಯುತ್ತಿದ್ದ ಆ ಕ್ಲಾಸನ್ನು ನೋಡಿಯೇ ಇಲ್ಲ. ಜನ್ಮದಲ್ಲಿ ಗೆರೆ ಎಳೆಯದವರೂ ಅರಮನೆಯಲ್ಲಿ ತೂಗುಹಾಕುವಂಥ ಚಿತ್ರ ಹಿಡಿದು ಹಡಗಿಳಿಯುತ್ತಿದ್ದರು. ಗುಟ್ಟು ಇಷ್ಟೇ: ಎಲ್ಲರೂ ಊಟಕ್ಕೆ ಹೋದಾಗ ಮೇಷ್ಟ್ರು ಒಣಗಲಿಟ್ಟ ಚಿತ್ರಗಳ ಮುಂದೆ ಕಳ್ಳಬೆಕ್ಕಿನಂತೆ ಸುಳಿದು, ಇಲ್ಲೊಂದು ಮೋಡ ನೆಟ್ಟಗೆ ಮಾಡಿ, ಅಲ್ಲೊಂದು ದೋಣಿಯನ್ನು ಮುಳುಗದಂತೆ ಎತ್ತಿ ತೆಪ್ಪಗಾಗುತ್ತಿದ್ದರು. ಮಾರನೆಯ ದಿನ ಎಲ್ಲರಿಗೂ ತಮ್ಮ ಕೈಚಳಕದ ಬಗ್ಗೆ ತಮಗೇ ಬೆರಗು.

ಈ ಸಲ ಒಬ್ಬ ಹೆಂಗಸು ಮಾತ್ರ ಎಲ್ಲರೂ ಬರೆಯುವ ಸೂರ್ಯಾಸ್ತ ಬೇಡವೆಂದಳು. ಅವಳಿಗೆ ಗಂಡನ ಮುಖ ಬೇಕಿತ್ತು. ಆತ ಗಾಲಿಕುರ್ಚಿಯಲ್ಲಿ ಎದುರಿಗೇ ಇದ್ದ. ಲಕ್ವ ಹೊಡೆದು ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಹೃದಯ ಇಂದೋ ನಾಳೆಯೋ ಎನ್ನುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಬಾಯಿ ಸೊಟ್ಟಗಾದ ಮೇಲೆ ಆತ ಒಂದೇ ಒಂದು ಫೋಟೋಕ್ಕೂ ಮುಖ ಕೊಟ್ಟಿರಲಿಲ್ಲ. ಹೆಂಡತಿ ಬರೆದದ್ದು ಹೇಗೂ ತನ್ನ ಹಾಗಿರುವುದಿಲ್ಲವೆಂಬ ಧೈರ್ಯದಿಂದ ಕೂರಲು ಒಪ್ಪಿದ್ದ.

“ಮೂಗು ಚಿಕ್ಕದು ಮಾಡೇ, ಕ್ಯಾನ್ವಾಸು ಸಾಲಲ್ಲ,” ಎಂದು ತೊದಲುತ್ತ ಕಾಡುತ್ತಿದ್ದ.

“ಸುಮ್ನೆ ಕೂತ್ಕೊಳ್ರಿ. ಅಲ್ಲಾಡಿದ್ರೆ ಎರಡು ಮೂಗು ಬರೀತೀನಿ.”

ಅವಳು ಕುಂಚವನ್ನು ಸೌಟಿನಂತೆ ಹಿಡಿಯುತ್ತಿದ್ದಳು. ಚಿತ್ರದ ಕಿವಿಗಳು ಇನ್ನೇನು ಹಾರಿಹೋಗುವಂತಿದ್ದವು. ಆದರೆ ನಗು ಬಂದರೆ ಎಡಮೂಲೆಗೆ ಓಡಿ ಅಲ್ಲೇ ಸಿಕ್ಕಿಕೊಳ್ಳುವ ಆ ಬಾಯನ್ನು ಕೊನೆಯ ಕ್ಲಾಸಿನಲ್ಲಿ ಅವಳು ಹಿಡಿದೇಬಿಟ್ಟಳು. ಗಂಡ ನೋಡಿದ. ಅವಳ ಕೈಗೆ ಮೆತ್ತಿದ್ದ ಬಣ್ಣವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

ಮೇಷ್ಟ್ರಿಗೆ ಮರುಕ ಉಕ್ಕಿತು. ಊಟದ ಹೊತ್ತಿನಲ್ಲಿ ಎರಡೇ ಎಳೆತಕ್ಕೆ ಬಾಯಿ ನೇರ ಮಾಡಿ, ತುಟಿಗೆ ಯೌವನ ತುಂಬಿ, ಲೋಕದ ಯಾವ ವೈದ್ಯನ ಕೈಲೂ ಆಗದ್ದನ್ನು ಮಾಡಿದೆನೆಂದು ಸೀಟಿ ಹಾಕುತ್ತ ಹೋದರು.

ಬೆಳಗಾಗುವಷ್ಟರಲ್ಲಿ ಗಂಡ ತೀರಿಕೊಂಡಿದ್ದ.

ಚಿತ್ರ ಒಯ್ಯಲು ಬಂದ ಅವಳು ಅದರ ಮುಂದೆ ನಿಂತೇ ಇದ್ದಳು. “ಇವರು ಯಾರು ಮೇಷ್ಟ್ರೇ?” ಎಂದಳು.

ಸಾವಿರಾರು ಸೂರ್ಯಾಸ್ತ ತಿದ್ದಿದ ಕೈಗೆ ಒಂದು ಬಾಯಿ ಸೊಟ್ಟ ಮಾಡುವುದು ಯಾವ ಮಹಾ ಎಂದು ಮೇಷ್ಟ್ರು ಕುಂಚ ಹಿಡಿದರೆ, ಅವಳ ಗೆರೆ ಒಣಗಿದ ಬಣ್ಣದಡಿ ಹೂತುಹೋಗಿತ್ತು. ತಿದ್ದುವ ಭರದಲ್ಲಿ ಅವರು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಆತನ ಮುಖ ಇನ್ನೊಮ್ಮೆ ನೋಡಬೇಕೆಂದರು. ಚಿತ್ರ, ಬಣ್ಣ, ಕುಂಚ ಹಿಡಿದುಕೊಂಡ ಅವರನ್ನು ಹಡಗಿನ ತಳದಲ್ಲಿ ಹೆಣವಿಡುವ ತಣ್ಣನೆಯ ಕೋಣೆಗೆ ಅವಳೇ ಕರೆದುಕೊಂಡು ಹೋದಳು. ನರ್ಸು ಬಟ್ಟೆ ಸರಿಸಿದಳು.

ಸಾವು ಮುಖದ ಬಿಗಿತವನ್ನೆಲ್ಲ ಸಡಿಲಿಸಿತ್ತು. ಬಾಯಿ ನೇರವಾಗಿತ್ತು. ಮೇಷ್ಟ್ರು ಬರೆದಷ್ಟೇ ನೇರ.

“ಅಮ್ಮಾ, ನೀವು ಹೇಳ್ತಾ ಹೋಗಿ, ನಾನು ಬರೀತೀನಿ,” ಎಂದರು, ತಮಗೇ ಕೇಳಿಸದ ದನಿಯಲ್ಲಿ.

ಅವಳು ಸ್ಟೂಲಿನ ಮೇಲೆ ಕೂತು, ತನ್ನ ತುಟಿಯ ಮೂಲೆಗೆ ಬೆರಳಿಟ್ಟು ಎಡಕ್ಕೆ ಎಳೆದು ಹಿಡಿದಳು. ಹೀಗೆ, ಎಂದಳು. ಮೇಷ್ಟ್ರು ಕುಂಚ ಊರುವಷ್ಟರಲ್ಲಿ, ಅಲ್ಲ, ಇಷ್ಟಲ್ಲ, ಎಂದು ಬೆರಳು ಸಡಿಲಿಸಿದಳು. ಮತ್ತೆ ಎಳೆದಳು. ಎಷ್ಟು ಎಳೆಯಬೇಕೆಂದು ಅವಳಿಗೂ ತಿಳಿಯುತ್ತಿರಲಿಲ್ಲ.